ಭಾರದ ಮರಗೆಲಸ ಯಂತ್ರಕ್ಕೆ ಗಾಲಿ ಚೌಕಟ್ಟು

ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಚಕ್ಕಡಿ ಹೂಡಿಕೊಂಡು ಭಕ್ತರು ದೂರದೂರುಗಳಿಂದ ಬರುತ್ತಾರೆ. ಚಕ್ಕಡಿ, ಕೂರಿಗೆ, ಕುಂಟೆಗಳ ದುರಸ್ತಿಗೆ ಗರಗಸದ ಯಂತ್ರ ಬಹಳ ಅನುಕೂಲ. ಆದರೆ ಇಕ್ಕಟ್ಟಾದ ಶೆಡ್ಡಿನಲ್ಲಿ ಉದ್ದನೆಯ ಮರ ಕೊಯ್ಯಬೇಕಾದರೆ ಯಂತ್ರವನ್ನೇ ಸರಿಸಬೇಕಾಗುತ್ತದೆ. ಇದಕ್ಕೆ ಗಾಲಿ ಚೌಕಟ್ಟು ಬೇಕು.

ಗಾಲಿಗಳ ಆಯ್ಕೆ: ಯಂತ್ರ, ಮೋಟಾರು, ಚೌಕಟ್ಟು ಹಾಗೂ ಕೊಯ್ಯುವ ಮರದ ತೂಕವನ್ನು ಕೂಡಿಸಿರಿ. ಏರುತಗ್ಗಿನ ನೆಲದಲ್ಲಿ ನಾಲ್ಕು ಗಾಲಿಗಳ ಪೈಕಿ ಮೂರರ ಮೇಲೆಯೇ ಭಾರ ಬೀಳಬಹುದು. ಆದುದರಿಂದ ಒಟ್ಟು ತೂಕವನ್ನು ಮೂರರಿಂದ ಭಾಗಿಸಬೇಕು. ಒಟ್ಟು 300 ಕಿಲೋ ಇದ್ದರೆ ಪ್ರತಿ ಗಾಲಿಯೂ ಕನಿಷ್ಠ 100 ಕಿಲೋ ತಾಳಬೇಕು. ಎರಡು ಗಾಲಿ ಸ್ಥಿರವಾಗಿರಲಿ, ಎರಡು ತಿರುಗುವಂತಿರಲಿ. ಸಣ್ಣ ಗಾಲಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ದೊಡ್ಡ ಗಾಲಿ ಲೇಸು.

ಚೌಕಟ್ಟು: ಕಬ್ಬಿಣದ ಆ್ಯಂಗಲ್‌ನಿಂದ ಮಾಡಿಸಿರಿ. ಎತ್ತರದ ಯಂತ್ರ ಬೇಗ ವಾಲುತ್ತದೆ. ಚೌಕಟ್ಟು ತಗ್ಗಾಗಿ, ಬುಡಕ್ಕಿಂತ ಅಗಲವಾಗಿರಬೇಕು. ಮೋಟಾರು ಅದೇ ಚೌಕಟ್ಟಿನ ಮೇಲಿದ್ದರೆ ಬೆಲ್ಟಿನ ನೇರ ಕೆಡುವುದಿಲ್ಲ.

ಎಚ್ಚರಿಕೆ: ಗಾಲಿಯ ಮೇಲೆ ನಿಂತ ಯಂತ್ರದಲ್ಲಿ ಮರ ಕೊಯ್ಯಬಾರದು. ಮರವನ್ನು ಒತ್ತಿದಾಗ ಯಂತ್ರ ಸರಿದರೆ ಕೈ ಹಲ್ಲಿಗೆ ಸಿಕ್ಕೀತು. ನಾಲ್ಕು ಮೂಲೆಗೂ ತಿರುಪಿನ ಕಾಲು ಹಾಕಿಸಿ, ಗಾಲಿ ನೆಲ ಬಿಡುವವರೆಗೆ ಎತ್ತಿ ನಿಲ್ಲಿಸಿರಿ. ಸರಿಸುವ ಮೊದಲು ವಿದ್ಯುತ್ ತೆಗೆದು, ಬುಡದಲ್ಲಿ ಹಿಡಿದು ನಿಧಾನವಾಗಿ ತಳ್ಳಿರಿ.