ಸಹಿ ಹಾಕುವ ಮೊದಲು: ನೆಟ್‌ವರ್ಕ್ ಕಾಮಗಾರಿ ಪರಿಶೀಲಿಸುವವರಿಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಪಂಚಾಯತ್ ಸದಸ್ಯರು, ಗ್ರಾಮಸಭೆಯ ಪರವಾಗಿ ಕಾಮಗಾರಿ ನೋಡುವವರು, ಊರಲ್ಲೇ ಕುಳಿತು ಕಂಪನಿ ಕೆಲಸ ಮಾಡುವವರು ಗಮನಿಸಿ. ಫೈಬರ್, ಟವರ್, ಡಿಜಿಟಲ್ ಗ್ರಂಥಾಲಯ, ಮೂರಕ್ಕೂ ಇದೇ ಕ್ರಮ. 'ಪೂರ್ಣ' ಎಂದು ಬರೆದ ಮೇಲೆ ಬಿಲ್ ಪಾಸಾಗುತ್ತದೆ. ಬಾಕಿ ಪಟ್ಟಿಯಿಂದ ಊರಿನ ಹೆಸರು ಹೋಗುತ್ತದೆ. ನೆಟ್‌ವರ್ಕ್ ಸಿಗದವರು ಬೆಂಗಳೂರಿನ ಬಸ್ ಹತ್ತುತ್ತಾರೆ.

ಮಾಡಬೇಕಾದ್ದು

ಕಾಮಗಾರಿ ಆದೇಶ, ಅಂದಾಜುಪಟ್ಟಿಯ ಪ್ರತಿ ಮೊದಲೇ ಪಡೆಯಿರಿ.

ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ರಾಜ್ಯದ ಇಲಾಖೆಗಳಿಗೆ ಒಂದೇ ವಿಷಯ, 150 ಪದಗಳೊಳಗೆ. ಉತ್ತರಕ್ಕೆ 30 ದಿನದ ಗಡುವು.

ಕಾಮಗಾರಿಯನ್ನು ಖುದ್ದು ನೋಡಲು ಅವಕಾಶ ಬೇಕೆಂದು ಅದೇ ಅರ್ಜಿಯಲ್ಲಿ ಬರೆಯಿರಿ. ಕಾಯ್ದೆ ಆ ಹಕ್ಕನ್ನೂ ಕೊಟ್ಟಿದೆ, ಕೇಳುವವರು ಕಡಿಮೆ.

ವೇಗವನ್ನು ಮನೆಯೊಳಗೆ ನಿಂತು ಅಳೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಮೈಸ್ಪೀಡ್ ಆ್ಯಪ್ ಸಾಕು.

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆ ಅಳೆಯಿರಿ.

ಅಪ್‌ಲೋಡ್ ವೇಗವನ್ನು ಪ್ರತ್ಯೇಕ ಬರೆದುಕೊಳ್ಳಿ. ವಿಡಿಯೊ ಮೀಟಿಂಗ್‌ನಲ್ಲಿ ನಿಮ್ಮ ಮುಖ, ಮಾತು ಆಚೆಗೆ ಹೋಗುವುದು ಅದರಿಂದಲೇ.

ಆಸಾಡಿ ಮಳೆಯಲ್ಲಿ ಮತ್ತೊಮ್ಮೆ ಅಳೆಯಿರಿ. ಬೇಸಿಗೆಯ ಅಂಕಿ ಅರ್ಧ ಸತ್ಯ.

ಕರೆಂಟ್ ಹೋದ ಗಳಿಗೆ ಗುರುತಿಸಿ. ಟವರ್ ಸತ್ತ ಗಳಿಗೆಯನ್ನೂ ಗುರುತಿಸಿ. ಬ್ಯಾಟರಿ ಎಷ್ಟು ಹೊತ್ತು ಬಂತೆಂದು ಬರೆಯಿರಿ.

ಗ್ರಂಥಾಲಯದ ಕಂಪ್ಯೂಟರ್‌ನ್ನು ನೀವೇ ಆನ್ ಮಾಡಿ, ಒಂದು ಅರ್ಜಿ ತುಂಬಿ ನೋಡಿ. ಭಾರತ್‌ನೆಟ್ ಗ್ರಾಮ ಪಂಚಾಯತ್‌ವರೆಗೆ 100 ಎಂಬಿಪಿಎಸ್ ತರುವ ಮಾತು ಕೊಟ್ಟ ಯೋಜನೆ. ಇಂಟರ್‌ನೆಟ್ ಪೆಟ್ಟಿಗೆಯ ದೀಪ ಉರಿದ ಮಾತ್ರಕ್ಕೆ ಆ ಮಾತು ನಡೆದಂತಲ್ಲ.

ಬಳಸುವವರನ್ನೇ ಕೇಳಿ: ಮನೆಯಿಂದ ಕೆಲಸ ಮಾಡುವ ಹೆಣ್ಣುಮಕ್ಕಳು, ಕಾಲೇಜಿನ ಮಕ್ಕಳು, ಆಶಾ ಕಾರ್ಯಕರ್ತೆಯರು.

ರಸ್ತೆ ಅಗೆಯುವ ಮುನ್ನ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ತಿಳಿಸುವಂತೆ ಗುತ್ತಿಗೆದಾರರಿಗೆ ಹೇಳಿ. 2023ರ ಮಾರ್ಚ್‌ನಿಂದ ಅದು ಇದೆ. ಕೇಬಲ್ ತುಂಡಾದ ಮೇಲೆ ಹೇಳಿ ಫಲವಿಲ್ಲ.

ಅಳೆದ ಅಂಕಿ, ದಿನಾಂಕ, ಜಾಗದ ಹೆಸರನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಅಲ್ಲೇ ಓದಿಸಿ.

ಮಾಡಬಾರದ್ದು

ಖಾಲಿ ಮಹಜರಿಗೆ ಸಹಿ ಹಾಕುವುದು ಬೇಡ. ಯಾರು ಒತ್ತಾಯಿಸಿದರೂ ಬೇಡ.

ಪೇಟೆಯಲ್ಲಿ ಅಳೆದ ವೇಗವನ್ನು ಜಡ್ಕಲ್, ಮುದೂರು, ಅಮಾಸೆಬೈಲಿನ ಲೆಕ್ಕಕ್ಕೆ ಬರೆಯಬಾರದು.

2 ಎಂಬಿಪಿಎಸ್ ಮುಟ್ಟದ್ದನ್ನು ಬ್ರಾಡ್‌ಬ್ಯಾಂಡ್ ಎಂದು ದಾಖಲಿಸಬಾರದು. 2023ರ ಜನವರಿಯಿಂದ ದೂರಸಂಪರ್ಕ ಇಲಾಖೆಯ ಕನಿಷ್ಠ ಮಿತಿಯೇ ಅದು.

ಫೋಟೊ ನೋಡಿ ಕೆಲಸ ಒಪ್ಪಬಾರದು. ಉದ್ಯೋಗ ಖಾತರಿಯ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಫೋಟೊದ ಫೋಟೊ ತೆಗೆದು ಹಾಜರಿ ಹಾಕಿದ್ದನ್ನು 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಎತ್ತಿ ಹೇಳಿದೆ. ಜಾಗಕ್ಕೆ ಹೋಗದೆ ಮಾಡಿದ ಪರಿಶೀಲನೆ ಪರಿಶೀಲನೆಯಲ್ಲ.

ಗುತ್ತಿಗೆದಾರರ ಫೋನಿನಲ್ಲಿ ಅಳತೆ ಬೇಡ.

ಗುತ್ತಿಗೆದಾರರ ಗಾಡಿಯಲ್ಲಿ ಪರಿಶೀಲನೆಗೆ ಹೋಗುವುದು ಬೇಡ.

ಟವರ್‌ನ ಬೇಲಿಯೊಳಗೆ ಕಾಲಿಡಬಾರದು, ಜನರೇಟರ್ ಮುಟ್ಟಬಾರದು.

ಗುಡುಗು ಕೇಳಿದ ಮೇಲೆ ಸಿಗ್ನಲ್ ಹುಡುಕಿ ಗುಡ್ಡೆ ಹತ್ತಬಾರದು. ಮಕ್ಕಳನ್ನಂತೂ ಕಳಿಸಲೇಬಾರದು.

ತೋಡು ತುಂಬಿ ಹರಿಯುವಾಗ ಕಾಲುಸಂಕ ದಾಟಬಾರದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಹೊರಟ ಪುಟ್ಟ ಬಾಲಕಿ ಕಾಲುಸಂಕದಿಂದ ಬಿದ್ದು ತೀರಿಕೊಂಡಳು. ಯಾವ ಅಳತೆಯೂ ಜೀವಕ್ಕಿಂತ ದೊಡ್ಡದಲ್ಲ. ನೀರು ಇಳಿದ ಮೇಲೆ ಹೋಗಿ.

ವರದಿಯ ಫೋಟೊದಲ್ಲಿ ಯಾರದೇ ಆಧಾರ್, ಪಾಸ್‌ಬುಕ್ ಕಾಣಿಸಬಾರದು.

ಪರಿಶೀಲನೆಯ ಹೆಸರಲ್ಲಿ ಯಾರಿಂದಲೂ ಒಟಿಪಿ ಕೇಳಬಾರದು. ಕೇಳಿದವರಿಗೆ ಕೊಡುವುದೂ ಬೇಡ.

ದೂರು ಕೊಟ್ಟ ಮನೆಯವರ ಹೆಸರನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು.

'ಭಾಗಶಃ' ಎಂದು ಬರೆಯಬೇಕಾದಲ್ಲಿ 'ಪೂರ್ಣ' ಬೇಡ. ಏನು ಬಾಕಿ, ಎಲ್ಲಿ ಬಾಕಿ ಎಂದು ಪಕ್ಕದಲ್ಲಿ ಬರೆಯದೆ ಹಾಳೆ ಮರಳಿಸಬಾರದು.