ಆಟೋ ಐಎಸ್‌ಒ ನಿಮ್ಮ ಮಾತು ಕೇಳಬೇಕೇ? ಹಕ್ಕಿ ಛಾಯಾಗ್ರಾಹಕರಿಗೆ ಏಳು ಸೂತ್ರಗಳು

ರಂಗನತಿಟ್ಟಿನ ದೋಣಿಯಲ್ಲಿ ಕೂತಾಗ ಈಗ ಬಿದಿರುಮೆಳೆಯ ನೆರಳು, ಮರುಗಳಿಗೆಗೆ ಬಿಸಿಲು ಬಿದ್ದ ಬಯಲು ನೀರು. ಅಂಥ ಕಡೆ ಮ್ಯಾನ್ಯುಯಲ್ ಮೋಡ್ ಜೊತೆ ಆಟೋ ಐಎಸ್‌ಒ ಇಟ್ಟುಕೊಳ್ಳುವುದು ಜಾಣತನ. ಆದರೆ ಲಗಾಮು ನಿಮ್ಮ ಕೈಯಲ್ಲಿರಲಿ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ನೇ ಆ ಲಗಾಮು.

1. ಷಟರ್, ಅಪರ್ಚರ್ ಎರಡನ್ನೂ ಮೊದಲೇ ನಿರ್ಧರಿಸಿ. ಹಾರುವ ಹಕ್ಕಿಗೆ 1/2000 ಸೆಕೆಂಡ್ ಇರಲಿ. ಇವನ್ನು ಬದಲಿಸಿದರೆ ಚಿತ್ರ ಬೆಳಗುವುದೂ ಇಲ್ಲ, ಕಪ್ಪಾಗುವುದೂ ಇಲ್ಲ. ಕ್ಯಾಮೆರಾ ಐಎಸ್‌ಒ ಏರಿಳಿಸಿ ಸರಿದೂಗಿಸಿಬಿಡುತ್ತದೆ.

2. ಹಕ್ಕಿಯ ಬಣ್ಣಕ್ಕಿಂತ ಮೊದಲು ಚೌಕಟ್ಟನ್ನು ತುಂಬಿರುವುದೇನೆಂದು ನೋಡಿ. ಕಂಡದ್ದನ್ನೆಲ್ಲ ನಡುಬೂದಿಗೆ ಎಳೆಯುವುದು ಮೀಟರ್‌ನ ಸ್ವಭಾವ. ಚೌಕಟ್ಟು ತುಂಬಿದ ಬೆಳ್ಳಕ್ಕಿ ಮಂಕಾಗಿ ಬರುತ್ತದೆ: ಪ್ಲಸ್ 1 ಕೊಡಿ. ಅದೇ ಬೆಳ್ಳಕ್ಕಿ ಕಡುಹಸಿರಿನ ಮುಂದೆ ಪುಟ್ಟದಾಗಿ ಕೂತಿದ್ದರೆ, ಮೀಟರ್ ಕತ್ತಲೆಯನ್ನೇ ಕಂಡು ಐಎಸ್‌ಒ ಏರಿಸುತ್ತದೆ, ಗರಿಗಳ ವಿವರ ಅಳಿಸಿಹೋಗುತ್ತದೆ: ಮೈನಸ್ 1. ಆಕಾಶದಲ್ಲಿ ತೇಲುವ ಹದ್ದಿಗೆ ಪ್ಲಸ್ 1ರಿಂದ 2. ಹತ್ತಿರದ ನೀರುಕಾಗೆಗೆ ಮೈನಸ್. ಇವು ಆರಂಭದ ಅಳತೆಗಳಷ್ಟೇ. ಮೀಟರಿಂಗ್ ವಿಧಾನ ಬದಲಾದರೆ ಇವೂ ಬದಲಾಗುತ್ತವೆ.

3. ಪ್ಲಸ್ ಕೊಟ್ಟರೆ ಸೆನ್ಸರ್‌ಗೆ ಹೆಚ್ಚು ಬೆಳಕು ಬೀಳುವುದಿಲ್ಲ. ಈ ಮೋಡ್‌ನಲ್ಲಿ ಬದಲಾಗುವುದು ಐಎಸ್‌ಒ ಮಾತ್ರ: ಒಂದು ಸ್ಟಾಪ್ ಏರಿಸಿದರೆ 800 ಇದ್ದದ್ದು 1600 ಆಗುತ್ತದೆ. ಹಕ್ಕಿ ಗೂಡಿನಲ್ಲಿ ಅಲುಗದೆ ಕೂತಿದೆಯೇ? ದೋಣಿಯೂ ನಿಂತಿದೆಯೇ? ಷಟರನ್ನು 1/500ಕ್ಕೆ ಇಳಿಸಿ. ನಿಜವಾದ ಬೆಳಕು ಸಿಗುತ್ತದೆ, ನಾಯ್ಸ್ ತಗ್ಗುತ್ತದೆ. ಹೆಚ್ಚಿನವರು ಇದನ್ನೇ ಮರೆಯುತ್ತಾರೆ.

4. ಐಎಸ್‌ಒ ಅಂಕಿಯ ಮೇಲೆ ಕಣ್ಣಿಡಿ. ಅದು ಕೆಳಮಿತಿ 100ಕ್ಕೋ ನೀವಿಟ್ಟ ಮೇಲ್ಮಿತಿಗೋ ಮುಟ್ಟಿದ ಮೇಲೆ ಆ ದಿಕ್ಕಿಗೆ ಕಾಂಪೆನ್ಸೇಷನ್ ಎಷ್ಟು ತಿರುಗಿಸಿದರೂ ಫಲವಿಲ್ಲ. ನಡುಮಧ್ಯಾಹ್ನದ ಬಿಸಿಲಲ್ಲಿ 100 ಕಂಡರೆ ಷಟರ್ ವೇಗ ಹೆಚ್ಚಿಸಿ. ನಿಕಾನ್ ಬಳಕೆದಾರರು ಇನ್ನೊಂದನ್ನು ಗಮನಿಸಬೇಕು: ನೀವು ಕೈಯಾರೆ ಇಟ್ಟ ಐಎಸ್‌ಒ ಅಲ್ಲಿ ಕೆಳಮಿತಿಯಾಗುತ್ತದೆ. ಅದು 800ರಲ್ಲಿ ಉಳಿದಿದ್ದರೆ ಕ್ಯಾಮೆರಾ ಅದಕ್ಕಿಂತ ಕೆಳಗಿಳಿಯದು.

5. ನಿಮ್ಮ ಕ್ಯಾಮೆರಾದಲ್ಲಿ ಮ್ಯಾನ್ಯುಯಲ್-ಆಟೋ ಐಎಸ್‌ಒ ಜೊತೆ ಕಾಂಪೆನ್ಸೇಷನ್ ಸೌಲಭ್ಯ ಇದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ಕ್ಯಾನನ್ 5ಡಿ ಮಾರ್ಕ್ 3ರಲ್ಲಿ ಮ್ಯಾನ್ಯುಯಲ್ ಜೊತೆ ಆಟೋ ಐಎಸ್‌ಒ ಇದೆ, ಕಾಂಪೆನ್ಸೇಷನ್ ಇಲ್ಲ. 2014ರ 7ಡಿ ಮಾರ್ಕ್ 2ರಲ್ಲಿ ಎರಡೂ ಇವೆ. ಇದ್ದರೆ, ವ್ಯೂಫೈಂಡರ್‌ನಿಂದ ಕಣ್ಣು ತೆಗೆಯದೆ ಬೆರಳಿಗೆ ಸಿಗುವ ಡಯಲ್‌ಗೆ ಅದನ್ನು ಹೊಂದಿಸಿ.

6. ಬೆಳಕು ಸ್ಥಿರವಾಗಿದ್ದು ಹಿನ್ನೆಲೆ ಮಾತ್ರ ಬದಲಾಗುತ್ತಿದ್ದರೆ ಆಟೋ ಐಎಸ್‌ಒ ಬಿಟ್ಟುಬಿಡಿ. ಬಣ್ಣದ ಕೊಕ್ಕರೆ ಮರದಿಂದೆದ್ದು ಆಕಾಶಕ್ಕೆ ಹಾರಿದಾಗ ಅದರ ಮೈಮೇಲಿನ ಬಿಸಿಲು ಅದೇ. ಮೀಟರ್ ಮಾತ್ರ ಗಲಿಬಿಲಿಗೊಳ್ಳುತ್ತದೆ. ಆ ಓಟದಲ್ಲಿ ಡಯಲ್ ತಿರುಗಿಸಿ ಹಿಂಬಾಲಿಸಲು ಯಾರಿಂದಲೂ ಆಗದು. ಪೂರ್ಣ ಮ್ಯಾನ್ಯುಯಲ್ಲೇ ವಾಸಿ.

7. ಹೈಲೈಟ್ ಎಚ್ಚರಿಕೆ ಆನ್ ಮಾಡಿಟ್ಟುಕೊಳ್ಳಿ. ಗರಿಗಳ ಮೇಲೆ ಮಿಣುಕು ಕಂಡರೆ ಮೂರನೇ ಒಂದು ಸ್ಟಾಪಿನಂತೆ ಇಳಿಸುತ್ತಾ ಬನ್ನಿ. ದೋಣಿ ಇಳಿಯುವ ಮೊದಲು ಕಾಂಪೆನ್ಸೇಷನ್ ಸೊನ್ನೆಗೆ ತನ್ನಿ. ಅನೇಕ ಕ್ಯಾಮೆರಾಗಳಲ್ಲಿ ಆಫ್ ಮಾಡಿದರೂ ಅದು ತಾನಾಗಿ ಸೊನ್ನೆಗೆ ಮರಳುವುದಿಲ್ಲ.