ಹಳೆಯ ಕಾರಿನ ಎಂಜಿನ್‌ನಲ್ಲಿ ಮಡ್ಡಿ ಕಟ್ಟದಂತೆ ತಡೆಯುವ ಬಗೆ

ಗ್ರಾಮ ಪಂಚಾಯತಿ ಕಾರ್ಯದರ್ಶಿಗಳು, ಕರವಸೂಲಿಗಾರರು, ದತ್ತಾಂಶ ನಮೂದಕರು ಹಾಗೂ ಚುನಾಯಿತ ಸದಸ್ಯರಲ್ಲಿ ಅನೇಕರು ಕ್ಷೇತ್ರ ಸಂಚಾರಕ್ಕೂ ಮನೆಯ ಬಳಕೆಗೂ ಹಳೆಯ ಕಾರನ್ನು ಎರಡನೆಯ ಅಥವಾ ಮೂರನೆಯ ಮಾಲೀಕರಾಗಿ ಖರೀದಿಸುತ್ತಾರೆ. ತಯಾರಿಕೆ 2014ರಲ್ಲಿಯೇ ನಿಂತುಹೋದ ಮಾರುತಿ 800 ಇಂದಿಗೂ ಗ್ರಾಮೀಣ ರಸ್ತೆಗಳಲ್ಲಿ ಕಾಣಸಿಗುತ್ತದೆ. ಉಳಿತಾಯದ ಹಣವನ್ನೋ ಸಾಲವನ್ನೋ ಹೂಡಿ ಕೊಂಡ ಇಂತಹ ವಾಹನದ ಎಂಜಿನ್ ಕೆಟ್ಟರೆ, ದುರಸ್ತಿಯ ವೆಚ್ಚವು ಕೆಲವೊಮ್ಮೆ ಕಾರಿನ ಬೆಲೆಯನ್ನೇ ಸಮೀಪಿಸುತ್ತದೆ. ಈ ಹಾನಿಯ ಮುಖ್ಯ ಕಾರಣಗಳಲ್ಲಿ ಒಂದು, ಎಂಜಿನ್ ಆಯಿಲ್ ಕೆಟ್ಟು ಒಳಗೆ ಮಡ್ಡಿಯಾಗಿ ಕಟ್ಟಿಕೊಳ್ಳುವುದು. ಗ್ಯಾರೇಜುಗಳಲ್ಲಿ ಇದನ್ನು ‘ಸ್ಲಡ್ಜ್’ ಎಂದು ಕರೆಯುವುದುಂಟು.

ಕಾರು ಹೆಚ್ಚು ಓಡದಿದ್ದರೆ ಆಯಿಲ್ ಕೆಡುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಮಡ್ಡಿಯ ವಿಷಯದಲ್ಲಿ ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅದನ್ನು ವಿವರಿಸಿ, ಕೈಗೊಳ್ಳಬೇಕಾದ ಕ್ರಮಗಳನ್ನು ತಿಳಿಸುವುದು ಈ ಲೇಖನದ ಉದ್ದೇಶ.

1. ಮಡ್ಡಿ ಎಂದರೇನು?

ಎಂಜಿನ್ ಆಯಿಲ್ ಕೇವಲ ಜಾರುವ ಎಣ್ಣೆಯಲ್ಲ. ಮೂಲ ತೈಲದೊಂದಿಗೆ ಹಲವು ರಾಸಾಯನಿಕಗಳನ್ನು ಬೆರೆಸಲಾಗಿರುತ್ತದೆ. ಅವುಗಳಲ್ಲಿ ಕೆಲವು ಕೊಳೆಯನ್ನು ತೊಳೆಯುತ್ತವೆ. ಕೆಲವು ಆ ಕೊಳೆಯ ಕಣಗಳು ಒಂದಕ್ಕೊಂದು ಅಂಟದಂತೆ ತೈಲದಲ್ಲಿ ತೇಲಿಸಿ ಹಿಡಿಯುತ್ತವೆ. ಕೆಲವು ಆಮ್ಲವನ್ನು ಶಮನಗೊಳಿಸುತ್ತವೆ. ಆಯಿಲ್ ಕಪ್ಪಾಗುವುದು ಅದು ಈ ಕೆಲಸ ಮಾಡುತ್ತಿರುವುದರ ಲಕ್ಷಣವೂ ಆಗಿರಬಹುದು. ಆದ್ದರಿಂದ ಬಣ್ಣವೊಂದನ್ನೇ ನೋಡಿ ತೀರ್ಮಾನಿಸಲಾಗದು.

ಈ ರಾಸಾಯನಿಕಗಳು ಬಳಕೆಯಾಗುತ್ತ ಮುಗಿದುಹೋಗುತ್ತವೆ. ಆ ಬಳಿಕವೂ ಅದೇ ಆಯಿಲ್ ಉಳಿದರೆ ಮಸಿ, ನೀರು, ಸುಡದೆ ಉಳಿದ ಇಂಧನ ಮತ್ತು ಬಿಸಿಗೆ ಕೆಟ್ಟ ತೈಲ ಸೇರಿ ಗಟ್ಟಿಯಾದ ಅಂಟು ಪದಾರ್ಥವಾಗುತ್ತವೆ. ಅದು ಟ್ಯಾಪೆಟ್ ಕವರ್‌ನ ಒಳಮೈಗೆ ಮೆತ್ತಿಕೊಳ್ಳುತ್ತದೆ, ಆಯಿಲ್ ಚೇಂಬರ್‌ನ ತಳದಲ್ಲಿ ಕೂರುತ್ತದೆ; ಕೊನೆಗೆ ಪಂಪ್ ಆಯಿಲನ್ನು ಹೀರುವ ಜಾಲರಿಯನ್ನು ಮುಚ್ಚುತ್ತದೆ. ಜಾಲರಿ ಮುಚ್ಚಿದರೆ ಚೇಂಬರ್ ತುಂಬ ಆಯಿಲ್ ಇದ್ದರೂ ಬೇರಿಂಗ್‌ಗಳಿಗೆ ಅದು ತಲುಪುವುದಿಲ್ಲ. ಡಿಪ್ ಸ್ಟಿಕ್ ಸರಿಯಾದ ಮಟ್ಟ ತೋರಿಸುತ್ತಿರುವಾಗಲೇ ಎಂಜಿನ್ ಜಾಮ್ ಆಗುವುದು ಹೀಗೆ.

2. ಕಡಿಮೆ ಓಡುವ ಕಾರಿಗೆ ಹೆಚ್ಚು ಅಪಾಯವೇಕೆ?

ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್‌ನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಹೆಚ್ಚಿನ ಭಾಗ ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಚೇಂಬರಿಗೆ ಇಳಿಯುತ್ತದೆ. ರಿಂಗ್ ಸವೆದ ಹಳೆಯ ಎಂಜಿನ್‌ನಲ್ಲಿ ಇದರ ಪ್ರಮಾಣ ಹೆಚ್ಚು. ಎಂಜಿನ್ ಸಂಪೂರ್ಣ ಬಿಸಿಯಾದರೆ ಈ ತೇವವೂ ಆಯಿಲ್‌ಗೆ ಬೆರೆತ ಪೆಟ್ರೋಲೂ ಆವಿಯಾಗಿ ಹೋಗುತ್ತವೆ. ಬಿಸಿಯಾಗುವ ಮುನ್ನವೇ ಕಾರನ್ನು ನಿಲ್ಲಿಸಿದರೆ ಅವು ಒಳಗೇ ಉಳಿಯುತ್ತವೆ. ಆಯಿಲ್ ಬಿಸಿಯಾಗಲು ರೇಡಿಯೇಟರ್ ನೀರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ ಎಂಬುದನ್ನು ಗಮನಿಸಬೇಕು.

ಒಂದು ಉದಾಹರಣೆ ನೋಡೋಣ. ಸಿಬ್ಬಂದಿಯೊಬ್ಬರ ಮನೆಯಿಂದ ಪಂಚಾಯತಿ ಕಚೇರಿಗೆ 4 ಕಿ.ಮೀ. ದೂರ. ದಿನಕ್ಕೆ 8 ಕಿ.ಮೀ.; ತಿಂಗಳಿಗೆ 25 ದಿನದಂತೆ 200 ಕಿ.ಮೀ. ಮೀಟರ್ ನೋಡಿ 10,000 ಕಿ.ಮೀ.ಗೆ ಆಯಿಲ್ ಬದಲಿಸುತ್ತೇನೆಂದು ಅವರು ಕಾದರೆ 50 ತಿಂಗಳು, ಅಂದರೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಅದೇ ಆಯಿಲ್ ನಾಲ್ಕು ಮಳೆಗಾಲಗಳ ತೇವವನ್ನೂ 2,500 ಬಾರಿ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೊಳೆಯನ್ನೂ ಹೊತ್ತಿರುತ್ತದೆ. ಹೆದ್ದಾರಿಯಲ್ಲಿ ಅಷ್ಟೇ ದೂರ ಓಡಿದ ಕಾರಿನ ಆಯಿಲ್‌ಗೆ ಈ ಗತಿ ಬರುವುದಿಲ್ಲ. ಆದ್ದರಿಂದ ಮೀಟರ್ ಜೊತೆಗೆ ಕ್ಯಾಲೆಂಡರನ್ನೂ ನೋಡತಕ್ಕದ್ದು.

3. ಎಂಜಿನ್ನಿನ ಉಸಿರು ಮತ್ತು ಉಷ್ಣತೆ

ಚೇಂಬರಿನಲ್ಲಿ ಸೇರುವ ಅನಿಲವನ್ನು ಹೀರಿ ಮತ್ತೆ ದಹನಕ್ಕೆ ಕಳುಹಿಸಲು ಪಿಸಿವಿ ವಾಲ್ವ್ ಎಂಬ ಸಣ್ಣ ಬಿಡಿಭಾಗವೂ ರಬ್ಬರ್ ಕೊಳವೆಯೂ ಇರುತ್ತವೆ. ಇವು ಕಟ್ಟಿಕೊಂಡರೆ ತೇವವೂ ಆಮ್ಲವೂ ಒಳಗೇ ಉಳಿದು ಮಡ್ಡಿ ಬೇಗ ಬೆಳೆಯುತ್ತದೆ. ಈ ವಾಲ್ವಿನ ಬೆಲೆ ಅಲ್ಪ. ಆದರೆ ಸರ್ವಿಸ್ ಮಾಡುವಾಗ ಇದನ್ನು ಬಿಚ್ಚಿ ನೋಡುವವರು ಕಡಿಮೆ.

ಎರಡನೆಯದು ಥರ್ಮೋಸ್ಟಾಟ್. ಎಂಜಿನ್ ಬೇಗ ಬಿಸಿಯಾಗುವಂತೆ ಮಾಡಿ, ಬಳಿಕ ಉಷ್ಣತೆಯನ್ನು ಹದದಲ್ಲಿಡುವುದು ಇದರ ಕೆಲಸ. ಕಾರು ಹೀಟ್ ಆಗುತ್ತದೆಂಬ ದೂರಿಗೆ ಪರಿಹಾರವಾಗಿ ಹಲವು ಕಡೆ ಥರ್ಮೋಸ್ಟಾಟನ್ನೇ ಕಿತ್ತುಹಾಕುವ ರೂಢಿ ಇದೆ. ಹೀಗೆ ಮಾಡಿದ ಎಂಜಿನ್, ಚಳಿ ಹಾಗೂ ಮಳೆಯ ದಿನಗಳಲ್ಲಿ ಹದವಾದ ಉಷ್ಣತೆಗೆ ಏರುವುದೇ ಇಲ್ಲ. ಹಳೆಯ ಕಾರು ಕೊಂಡವರು ಥರ್ಮೋಸ್ಟಾಟ್ ಇದೆಯೇ ಎಂದು ಖಚಿತಪಡಿಸಿಕೊಂಡು, ಇಲ್ಲದಿದ್ದರೆ ಹಾಕಿಸಬೇಕು.

4. ಕೊಳ್ಳುವ ಮುನ್ನ ಪರಿಶೀಲನೆ

(ಅ) ಎಂಜಿನ್ ತಣ್ಣಗಿರುವಾಗಲೇ ಕಾರನ್ನು ನೋಡಬೇಕು. ತಾವು ಬರುವ ಮುನ್ನ ಚಾಲೂ ಮಾಡಬಾರದೆಂದು ಮಾಲೀಕರಿಗೆ ತಿಳಿಸಬೇಕು.

(ಆ) ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಅದರ ಒಳಮೈಯನ್ನೂ, ಟಾರ್ಚ್ ಬೆಳಕಿನಲ್ಲಿ ಬಾಯಿಯ ಒಳಭಾಗವನ್ನೂ ನೋಡಬೇಕು. ಮಾರಾಟಕ್ಕೆ ಮುನ್ನ ಹೊಸ ಆಯಿಲ್ ಹಾಕಿದ್ದರೆ ಡಿಪ್ ಸ್ಟಿಕ್ ಹೊಂಬಣ್ಣವನ್ನೇ ತೋರಿಸುತ್ತದೆ. ಮುಚ್ಚಳದ ಕೆಳಗೆ ಕಟ್ಟಿದ ಕಪ್ಪು ಮಡ್ಡಿ ಒಂದು ಬದಲಾವಣೆಯಿಂದ ಹೋಗುವುದಿಲ್ಲ.

(ಇ) ಮುಚ್ಚಳದಡಿ ಮಜ್ಜಿಗೆಯಂತಹ ಬಿಳಿ ನೊರೆ ಇದ್ದರೆ ತೇವ ಸೇರಿದೆ ಎಂದರ್ಥ. ಅದರೊಂದಿಗೆ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಖರೀದಿಸಬಾರದು.

(ಈ) ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಕೆಂಪು ಆಯಿಲ್ ದೀಪ ಆರಬೇಕು. ಎಂಜಿನ್ ಬಿಸಿಯಾದ ನಂತರ ನಿಧಾನಗತಿಯಲ್ಲಿ ಆ ದೀಪ ಮಿನುಗಿದರೆ ಅದು ಗಂಭೀರ ಸೂಚನೆ.

5. ತಡೆಗಟ್ಟುವ ಕ್ರಮಗಳು

(ಅ) ಕಡಿಮೆ ದೂರದ ಓಡಾಟದ ಹಳೆಯ ಪೆಟ್ರೋಲ್ ಕಾರಿಗೆ 5,000 ಕಿ.ಮೀ. ಅಥವಾ 6 ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಆಗ ಆಯಿಲ್ ಹಾಗೂ ಫಿಲ್ಟರ್ ಎರಡನ್ನೂ ಬದಲಿಸುವುದು ಸೂಕ್ತ. ಸಣ್ಣ ಕಾರಿಗೆ ಬೇಕಾಗುವುದು ಸುಮಾರು 3 ಲೀಟರ್ ಆಯಿಲ್ ಮಾತ್ರ.

(ಆ) ಕಡಿಮೆಯಾದಷ್ಟು ತುಂಬಿಸುತ್ತ ಹೋಗುವುದು ಬದಲಾವಣೆಯಲ್ಲ. ಹಳೆಯ ಕೊಳೆ ಒಳಗೇ ಇರುತ್ತದೆ.

(ಇ) ಡಬ್ಬಿಯ ಮೇಲಿನ ಎಪಿಐ ದರ್ಜೆಯನ್ನು ಓದಬೇಕು. ‘ಎಸ್’ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನ್‌ಗೆ, ‘ಸಿ’ ಅಕ್ಷರದ್ದು ಡೀಸೆಲ್‌ಗೆ. ಪೆಟ್ರೋಲ್ ದರ್ಜೆಗೆ ಎಸ್‌ಎನ್, ಎಸ್‌ಪಿ ಉದಾಹರಣೆಗಳು. ದಪ್ಪವನ್ನು ಕಾರಿನ ಕೈಪಿಡಿಯಂತೆಯೇ ಆಯ್ದುಕೊಳ್ಳಬೇಕು; ಸದ್ದು ಅಡಗಿಸಲೆಂದು ಅತಿ ದಪ್ಪದ ಆಯಿಲ್ ಹಾಕುವುದು ರೋಗವನ್ನು ಮರೆಮಾಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

(ಈ) ವಾರಕ್ಕೊಮ್ಮೆಯಾದರೂ 25–30 ಕಿ.ಮೀ. ನಿಲ್ಲಿಸದೆ ಓಡಿಸಬೇಕು. ಮನೆಯಂಗಳದಲ್ಲಿ ನಿಲ್ಲಿಸಿ ಎಂಜಿನ್ ಚಾಲೂ ಇಡುವುದರಿಂದ ಈ ಪ್ರಯೋಜನ ದೊರೆಯದು.

(ಉ) ಹದಿನೈದು ದಿನಕ್ಕೊಮ್ಮೆ ಸಮತಟ್ಟು ನೆಲದಲ್ಲಿ, ಎಂಜಿನ್ ನಿಲ್ಲಿಸಿ ಕೆಲವು ನಿಮಿಷಗಳ ನಂತರ ಆಯಿಲ್ ಮಟ್ಟ ನೋಡಬೇಕು.

6. ಈಗಾಗಲೇ ಮಡ್ಡಿ ಕಟ್ಟಿದ್ದರೆ

ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಎಂಜಿನ್ ತೊಳೆಯುವ ಪದ್ಧತಿಯನ್ನು ಅನುಸರಿಸಬಾರದು. ಅದು ಬೇರಿಂಗ್‌ಗಳ ಮೇಲಿನ ತೈಲದ ಪದರವನ್ನು ತೆಳುವಾಗಿಸುತ್ತದೆ. ಒಮ್ಮೆಗೇ ಕಳಚಿದ ಮಡ್ಡಿಯ ಹೆಕ್ಕಳಿಕೆಗಳು ಜಾಲರಿಗೆ ಬಂದು ಸಿಕ್ಕಿಕೊಳ್ಳುತ್ತವೆ. ಮಡ್ಡಿ ದಪ್ಪವಾಗಿದ್ದರೆ ಆಯಿಲ್ ಚೇಂಬರ್ ಬಿಚ್ಚಿಸಿ, ತಳವನ್ನೂ ಜಾಲರಿಯನ್ನೂ ಕೈಯಿಂದ ಶುಚಿಗೊಳಿಸುವುದೇ ಸುರಕ್ಷಿತ. ತೆಳುವಾಗಿದ್ದರೆ ಉತ್ತಮ ದರ್ಜೆಯ ಆಯಿಲ್ ಹಾಕಿ, ಮೊದಲ ಎರಡು ಮೂರು ಬಾರಿ 1,500–2,000 ಕಿ.ಮೀ.ಗೇ ಫಿಲ್ಟರ್ ಸಮೇತ ಬದಲಿಸಿದರೆ ಅದು ಕ್ರಮೇಣ ಕರಗುತ್ತದೆ. ಓಡುತ್ತಿರುವಾಗ ಕೆಂಪು ಆಯಿಲ್ ದೀಪ ಹೊತ್ತಿದರೆ ಊರು ಹತ್ತಿರವಿದೆಯೆಂದು ಮುಂದುವರಿಯದೆ ಕೂಡಲೇ ಎಂಜಿನ್ ನಿಲ್ಲಿಸತಕ್ಕದ್ದು. ಕಾರನ್ನು ಎಳೆಸಿಕೊಂಡು ಹೋಗುವ ಖರ್ಚು, ಜಾಮ್ ಆದ ಎಂಜಿನ್ ಕಟ್ಟಿಸುವ ಖರ್ಚಿನ ಮುಂದೆ ಏನೂ ಅಲ್ಲ.

7. ಹಳೆಯ ಆಯಿಲ್‌ನ ವಿಲೇವಾರಿ

ಬಳಸಿದ ಎಂಜಿನ್ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಚರಂಡಿಗೆ, ಹಳ್ಳಕ್ಕೆ, ಬಾವಿ ಅಥವಾ ಕೊಳವೆಬಾವಿಯ ಸುತ್ತಲಿನ ನೆಲಕ್ಕೆ ಸುರಿಯಬಾರದು. ಗೆದ್ದಲು ತಡೆಯಲು ಮರಮುಟ್ಟಿಗೆ ಬಳಿಯುವ, ಒಲೆಗೆ ಹಾಕುವ ರೂಢಿಯನ್ನೂ ಕೈಬಿಡಬೇಕು. ಅದರಲ್ಲಿ ಲೋಹದ ಕಣಗಳೂ ವಿಷಕಾರಿ ಪದಾರ್ಥಗಳೂ ಇರುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಅಧಿಕೃತ ಮರುಸಂಸ್ಕರಣೆಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸುವುದು.

8. ಪಂಚಾಯತಿ ವಾಹನಗಳಿಗೆ ಅನ್ವಯ

ಮನೆ ಮನೆಯ ಮುಂದೆ ನಿಂತು ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಮೀಟರಿನಲ್ಲಿ ಕೆಲವೇ ಕಿಲೋಮೀಟರ್ ದಾಖಲಾದರೂ ಎಂಜಿನ್ ಗಂಟೆಗಟ್ಟಲೆ ಚಾಲೂ ಇರುತ್ತದೆ. ಆದಕಾರಣ ಲಾಗ್ ಪುಸ್ತಕದಲ್ಲಿ ಪ್ರತಿ ಆಯಿಲ್ ಬದಲಾವಣೆಯ ದಿನಾಂಕ, ಮೀಟರ್ ಓದು, ಆಯಿಲ್‌ನ ದರ್ಜೆ, ಫಿಲ್ಟರ್ ಬದಲಿಸಿದ ವಿವರ ಹಾಗೂ ಮುಂದಿನ ಬದಲಾವಣೆಯ ದಿನಾಂಕ, ಈ ಐದು ಅಂಶಗಳನ್ನು ನಮೂದಿಸುವುದು ಒಳಿತು. ಸ್ವಂತ ಕಾರು ಇರುವವರು ಇದೇ ಐದು ಅಂಶಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದು ಕಾರಿನಲ್ಲಿಯೇ ಇರಿಸಬಹುದು. ಮುಂದೆ ಕಾರನ್ನು ಮಾರುವಾಗ ಕೊಳ್ಳುವವರಿಗೆ ಎಂಜಿನ್ನಿನ ಸ್ಥಿತಿಯ ಬಗ್ಗೆ ಅದೇ ಆಧಾರವಾಗುತ್ತದೆ.